ಬೀಜದ ನಿದ್ದೆ ಮತ್ತು ಎಚ್ಚರ

ಒಟ್ಟುಪಾತಿ ಮಾಡುವ ಕಾಲ ಬಂತೆಂದರೆ ನಮ್ಮ ಸದಸ್ಯ ಬಾಂಧವರು ಕೇಳುವ ಪ್ರಶ್ನೆಯೊಂದಿದೆ. "ನೆನೆಸಿದ ಭತ್ತ ಮೂರು ನಾಲ್ಕು ದಿನದಲ್ಲಿ ಮೊಳೆಯುತ್ತದೆ, ಕಾಫಿ ಬೀಜಕ್ಕೆ ಒಂದೂವರೆ ತಿಂಗಳು ಏಕೆ? ಹಾರ್ಮೋನು ಹಾಕಿ ಬೇಗ ಎಬ್ಬಿಸಬಾರದೆ?" ಉತ್ತರ ಬೀಜದೊಳಗೇ ಇದೆ. ನಾವು ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಬೀಜದ ನಿದ್ದೆ ಎಚ್ಚರಗಳನ್ನು ಮುಖ್ಯವಾಗಿ ಎರಡು ಹಾರ್ಮೋನುಗಳು ಆಳುತ್ತವೆ. ಒಂದು ಅಬ್ಸಿಸಿಕ್ ಆಮ್ಲ, ಇನ್ನೊಂದು ಜಿಬ್ಬರೆಲಿನ್. ಮೊದಲನೆಯದು ಬೀಜವನ್ನು ಮಲಗಿಸುತ್ತದೆ, ಎರಡನೆಯದು ಎಬ್ಬಿಸುತ್ತದೆ. ಭತ್ತದ ಪೈರು ಅತಿಯಾಗಿ ಎತ್ತರ ಬೆಳೆಯುವ ರೋಗವನ್ನು ಪರೀಕ್ಷಿಸುತ್ತಿದ್ದ ಜಪಾನಿನ ಕುರೊಸಾವಾ ಅವರು, ಶಿಲೀಂಧ್ರ ಸ್ರವಿಸುವ ವಸ್ತುವೊಂದು ಇದಕ್ಕೆ ಕಾರಣವೆಂದು 1926ರಲ್ಲಿ ತೋರಿಸಿದರು. 1935ರಲ್ಲಿ ಯಾಬುಟಾ ಅವರು ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಅಬ್ಸಿಸಿಕ್ ಆಮ್ಲ ಬೆಳಕಿಗೆ ಬಂದದ್ದು 1960ರ ದಶಕದಲ್ಲಿ.

ಬಾರ್ಲಿ ಕಾಳು ನೀರು ಕುಡಿದಾಗ ಅದರ ಭ್ರೂಣ ಜಿಬ್ಬರೆಲಿನ್ ಕಳುಹಿಸುತ್ತದೆ. ಕಾಳಿನ ಹೊರಪದರ ಆಗ ಪಿಷ್ಟ ಕರಗಿಸುವ ಕಿಣ್ವವನ್ನು ತಯಾರಿಸುತ್ತದೆ. ಪಿಷ್ಟವು ಸಕ್ಕರೆಯಾಗಿ ಎಳೆ ಮೊಳಕೆಗೆ ಆಹಾರವಾಗುತ್ತದೆ. ಅಬ್ಸಿಸಿಕ್ ಆಮ್ಲ ಹೆಚ್ಚಾಗಿದ್ದರೆ ಈ ಕೆಲಸ ನಿಲ್ಲುತ್ತದೆ. ಎರಡರ ಪ್ರಮಾಣದ ತಕ್ಕಡಿ ಎತ್ತ ವಾಲುವುದೋ ಅದೇ ಮುಖ್ಯ.

ಕಾಫಿಯಲ್ಲಿ ಭ್ರೂಣ ಬಹಳ ಚಿಕ್ಕದು. ಅದರ ಸುತ್ತ ಇರುವ ಗಟ್ಟಿ ಭಾಗವೇ ನಾವು ಹುರಿದು ಪುಡಿ ಮಾಡುವ ಬೇಳೆ. ಬೇರಿನ ತುದಿಯೆದುರಿನ ಆ ಗೋಡೆ ಕಿಣ್ವಗಳಿಂದ ಮೆತ್ತಗಾದ ಮೇಲೆಯೇ ಬೇರು ಹೊರಬರುತ್ತದೆ. ಭ್ರೂಣ ತಾನೇ ತಯಾರಿಸುವ ಜಿಬ್ಬರೆಲಿನ್ ಇದಕ್ಕೆ ಅವಶ್ಯಕ. ಆದರೆ ಹೊರಗಿನಿಂದ ಹೆಚ್ಚಾಗಿ ಕೊಟ್ಟರೆ ಕಾಫಿ ಬೀಜ ಮೊಳೆಯುವ ಬದಲು ತಡೆಯಲ್ಪಡುತ್ತದೆ, ಭ್ರೂಣದ ಜೀವಕೋಶಗಳು ಸಾಯುತ್ತವೆ ಎಂದು 2005ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಬೇರೆ ಬೆಳೆಗೆ ಒಳ್ಳೆಯದಾದ ಔಷಧಿ ನಮ್ಮ ಬೆಳೆಗೂ ಒಳ್ಳೆಯದೆಂದು ನಂಬಿದರೆ ಒಂದು ವರ್ಷದ ಸಸಿಯೇ ಕೈಬಿಟ್ಟೀತು.

ಅಡಿಕೆಯ ಕಥೆ ಬೇರೆ. ಒಣಗಿದರೂ ಬದುಕಿರುವ ಶಕ್ತಿ ಅದರ ಬೀಜಕ್ಕಿಲ್ಲ. ಒಣಗಿಸಿಟ್ಟರೆ ಭ್ರೂಣ ನಿದ್ದೆ ಹೋಗುವುದಿಲ್ಲ, ಸತ್ತೇಹೋಗುತ್ತದೆ. ಸತ್ತದ್ದನ್ನು ಯಾವ ಹಾರ್ಮೋನೂ ಎಬ್ಬಿಸಲಾರದು.

ಆದ್ದರಿಂದ ನಾವು ಗಮನಿಸಬೇಕಾದ ಅಂಶಗಳು ಇವು:

1. ಕಾಫಿ ಬೀಜವನ್ನು ಬೂದಿ ಬೆರೆಸಿ ನೆರಳಿನಲ್ಲಿಯೇ ಒಣಗಿಸಬೇಕು, ಬಿಸಿಲಿಗೆ ಹರಡಬಾರದು.

2. ಡಿಸೆಂಬರ್–ಜನವರಿಯಲ್ಲಿ ಹೊಸ ಬೀಜವನ್ನೇ ಬಿತ್ತಬೇಕು. ಹಳೆಯ ಬೀಜ ಅಗ್ಗವಾದರೂ ನಷ್ಟವೇ.

3. ಪಾತಿಯ ಮೇಲೆ ಹುಲ್ಲು ಹೊದಿಸಿ ತೇವ ಕಾಪಾಡಬೇಕು, ನೀರು ನಿಲ್ಲಬಾರದು.

4. ಪೂರ್ಣ ಹಣ್ಣಾದ ಗೋಟಡಿಕೆಯನ್ನು ಕೊಯ್ದ ಕೂಡಲೇ, ತೊಟ್ಟಿನ ಭಾಗ ಮೇಲಿರುವಂತೆ, ಮರಳಿನಲ್ಲಿ ನೆಡಬೇಕು.

ಬೀಜ ತನ್ನ ಹಾರ್ಮೋನನ್ನು ತಾನೇ ತಯಾರಿಸಿಕೊಳ್ಳುತ್ತದೆ. ತೇವ, ಗಾಳಿ, ಹದವಾದ ಶಾಖ ಒದಗಿಸಿ ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ.