ಮನೆಯೊಳಗಿನ ಕ್ಷೇತ್ರ

ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಪಡಸಾಲೆಯನ್ನು ದಾಟಿದ ಮೇಲೆ, ಹೊರಗಿನ ಗದ್ದಲ ತಲುಪದ ಒಳಭಾಗದಲ್ಲಿ, ಒಂದು ಕೋಣೆ ದೇವರಿಗೆಂದೇ ಮೀಸಲಾಗಿರುತ್ತಿತ್ತು. ಅಷ್ಟು ಅನುಕೂಲವಿಲ್ಲದವರು ಗೋಡೆಯ ಗೂಡನ್ನೇ ದೇವರ ಗೂಡನ್ನಾಗಿ ಮಾಡಿಕೊಂಡು, ಅದರ ಮುಂದೆ ನಿತ್ಯವೂ ದೀಪ ಹಚ್ಚುತ್ತಿದ್ದರು. ಕೋಣೆಯಾಗಲಿ ಗೂಡಾಗಲಿ, ಮನೆಯವರಿಗೆ ಅದೇ ಕಾಶಿ, ಅದೇ ರಾಮೇಶ್ವರ.

ಹೈದರಾಬಾದಿನ ಕೊಂಡಾಪುರದಂಥ ಬಡಾವಣೆಯಲ್ಲಿ ನೆಲಸಿದ ಕನ್ನಡಿಗನಿಗೆ ಈ ಸೌಕರ್ಯ ಸುಲಭವಾಗಿ ಒದಗುವುದಿಲ್ಲ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ಈ ಸ್ಥಳ, ಸಮೀಪದ ಮಾದಾಪುರದಲ್ಲಿ 1998ರಲ್ಲಿ ಸೈಬರ್ ಟವರ್ಸ್ ಆರಂಭವಾದ ಅನಂತರ ಬಹುಮಹಡಿ ಕಟ್ಟಡಗಳ ನಗರವಾಗಿ ಬೆಳೆಯಿತು. ಬಾಡಿಗೆಯ ಫ್ಲಾಟಿನ ಗೋಡೆಗೆ ಮೊಳೆಯೊಂದನ್ನು ಹೊಡೆಯಲೂ ಮಾಲೀಕರ ಒಪ್ಪಿಗೆ ಬೇಕು. ಹೀಗಿರುವಲ್ಲಿ ದೇವರಿಗೆ ಸ್ಥಳವೆಲ್ಲಿ ಎಂಬ ಪ್ರಶ್ನೆ ಸಹಜವೇ ಸರಿ.

ಈ ಪ್ರಶ್ನೆಗೆ ಹಿರಿಯರು ಎಂದೋ ಉತ್ತರವಿತ್ತಿದ್ದಾರೆ. ಶಂಕರಾಚಾರ್ಯರು ನೆಲೆಗೊಳಿಸಿದರೆಂದು ಪ್ರತೀತಿಯಿರುವ ಪಂಚಾಯತನ ಪೂಜೆಯಲ್ಲಿ ನರ್ಮದೆಯ ಬಾಣಲಿಂಗ, ಗಂಡಕಿಯ ಸಾಲಿಗ್ರಾಮ, ಶೋಣಾನದಿಯ ಗಣೇಶ ಶಿಲೆ, ಸ್ವರ್ಣಮುಖಿಯ ದೇವೀಶಿಲೆ, ಸೂರ್ಯನ ಸ್ಫಟಿಕ ಈ ಐದೂ ಒಂದು ಸಣ್ಣ ಸಂಪುಟದಲ್ಲಿ ಅಡಗುತ್ತವೆ. ಹನ್ನೆರಡನೆಯ ಶತಮಾನದ ಶರಣರಂತೂ ದೇವರನ್ನು ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸಿದರು; ಅಂಗೈಯೇ ಅವರಿಗೆ ಪೂಜಾಪೀಠವಾಯಿತು. ಊರು ಬಿಟ್ಟು ಊರು ಸೇರಿದವನ ಜೊತೆಗೆ ದೇವರೂ ಬರಬಲ್ಲನೆಂಬುದೇ ಇದರ ತಾತ್ಪರ್ಯ. ಕ್ಷೇತ್ರವನ್ನು ನಿರ್ಮಿಸುವುದು ವಿಸ್ತೀರ್ಣವಲ್ಲ. ಸಂಕಲ್ಪ ಮತ್ತು ನಿಯಮ.

ಸ್ಥಳವನ್ನು ಆರಿಸುವಲ್ಲಿ ಈಶಾನ್ಯ ದಿಕ್ಕು ಪ್ರಶಸ್ತವೆಂದೂ, ಪೂಜಿಸುವವನು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂಡಬೇಕೆಂದೂ ಸಂಪ್ರದಾಯವಿದೆ. ಅದು ಸಾಧ್ಯವಾಗದಿದ್ದಲ್ಲಿ ಕಾಲು ತಾಗದ, ಚಪ್ಪಲಿ ಸುಳಿಯದ, ಶುಚಿಯಾದ ಯಾವ ಮೂಲೆಯಾದರೂ ಆದೀತು. ಅಲ್ಲಿ ಮನೆದೇವರು ಮಧ್ಯದಲ್ಲಿರಲಿ. ಪಂಚಾಯತನದಲ್ಲಿಯೂ ಇಷ್ಟದೇವತೆ ನಡುವೆ, ಉಳಿದ ನಾಲ್ವರು ಸುತ್ತ. ಉಡುಗೊರೆಯಾಗಿ ಬಂದ ಪಟಗಳನ್ನೆಲ್ಲ ಒಟ್ಟಿದರೆ ಕಣ್ಣು ಅಲೆಯುತ್ತದೆ. ಕಣ್ಣು ಅಲೆದರೆ ಮನಸ್ಸು ನಿಲ್ಲದು. ಮರದ ಕಪಾಟಿನೊಳಗೆ ದೇವರನ್ನಿಟ್ಟವರು ದೀಪವನ್ನು ಹೊರಗೆ, ಅಗಲವಾದ ಹಿತ್ತಾಳೆಯ ತಟ್ಟೆಯ ಮೇಲಿಟ್ಟು ಹಚ್ಚಬೇಕು. ಉರಿಯುವ ದೀಪವನ್ನು ಬಿಟ್ಟು ಮನೆಗೆ ಬೀಗ ಹಾಕಿ ಹೋಗುವುದು ಭಕ್ತಿಯ ಲಕ್ಷಣವಲ್ಲ.

ಇನ್ನು ಸಂಕಲ್ಪ. ಆಚಮನ ಮಾಡಿದವನು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನು ಹೇಳುವುದರ ಜೊತೆಗೆ ತಾನಿರುವ ದೇಶವನ್ನೂ ಹೇಳುತ್ತಾನೆ. ಕನ್ನಡಿಗರ ಹಲವು ಮನೆತನಗಳಲ್ಲಿ ಗೋದಾವರಿಯ ದಕ್ಷಿಣ ತೀರವೆಂದು ಹೇಳುವ ಪದ್ಧತಿಯಿದೆ. ಬೀದರವೂ ರಾಯಚೂರೂ ಬೆಂಗಳೂರೂ ಆ ನದಿಯ ದಕ್ಷಿಣಕ್ಕೇ, ಹೈದರಾಬಾದೂ ದಕ್ಷಿಣಕ್ಕೇ. ವಿಳಾಸ ಬದಲಾದರೂ ಸಂಕಲ್ಪದ ಮಾತು ಬದಲಾಗಬೇಕಿಲ್ಲ. ಕಲಶಪೂಜೆಯಲ್ಲಿ ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿಯರನ್ನು ಒಂದು ತಂಬಿಗೆ ನೀರಿಗೆ ಆವಾಹಿಸಲಾಗುತ್ತದೆ. ಹೈದರಾಬಾದಿನ ನಲ್ಲಿಗಳಿಗೆ ಕೃಷ್ಣಾ, ಗೋದಾವರಿಗಳ ಜೊತೆಗೆ ಮಂಜೀರಾ ನದಿಯ ನೀರೂ ಬರುತ್ತದೆ. ಆ ಮಂಜೀರೆ ಬೀದರ ಜಿಲ್ಲೆಯಲ್ಲಿ ಹರಿದು ಬಂದವಳು. ಹೀಗೆ ತವರಿನ ತೀರ್ಥವೂ ಈ ನಗರಕ್ಕೆ ಹರಿದು ಬಂದಿದೆ.

ನಿಯಮವೆಂದರೆ ಹೊತ್ತು ತಪ್ಪದಿರುವುದು. ಅಮೃತಶಿಲೆಯ ಮಂಟಪವನ್ನು ಕೊಂಡು ತಂದು ಹಬ್ಬದಂದು ಮಾತ್ರ ಬಾಗಿಲು ತೆರೆಯುವುದಕ್ಕಿಂತ, ಒಂದು ಹಲಗೆಯ ಮುಂದೆ ಮುಂಜಾನೆ ಹತ್ತು ನಿಮಿಷ, ಸಂಜೆ ಐದು ನಿಮಿಷ ತಪ್ಪದೆ ಕುಳಿತುಕೊಳ್ಳುವುದು ಮೇಲು. ರಾತ್ರಿ ಪಾಳಿಯ ಕೆಲಸದವರು ತಮಗೆ ಒದಗಿದ ಹೊತ್ತನ್ನೇ ಗೊತ್ತುಮಾಡಿಕೊಳ್ಳಬಹುದು. ಗೊತ್ತಾದ ಹೊತ್ತನ್ನು ಕೆಡಿಸದಿರುವುದು ಮುಖ್ಯ.

ಪರಊರಿನ ಕನ್ನಡಿಗನ ಪಾಲಿಗೆ ಈ ಮೂಲೆಗೆ ಮತ್ತೊಂದು ಹೊಣೆಯೂ ಇದೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಹಿಂದಿಗಳನ್ನಾಡಿ ಬೆಳೆಯುವ ಮಗುವಿಗೆ ಹೂಬತ್ತಿ, ಗೆಜ್ಜೆವಸ್ತ್ರ, ಸಾಣೆಕಲ್ಲು, ನೀಲಾಂಜನ, ಮಂಗಳಾಕ್ಷತೆ ಎಂಬ ಮಾತುಗಳು ಬೇರೆಲ್ಲಿ ಕಿವಿಗೆ ಬಿದ್ದಾವು? ಅಜ್ಜಿ ಹೇಳುವ ದೇವರನಾಮವೂ ತಾತ ಓದುವ ವಚನವೂ ಮನೆಯಲ್ಲಿ ಉಳಿದಿದ್ದರೆ ಅವು ಉಳಿದಿರುವುದು ದೇವರ ಮುಂದೆಯೇ. ಆ ದೀಪ ನಿಂತುಹೋದ ಮನೆಯಲ್ಲಿ ಪೂಜೆಯೊಂದೇ ನಿಲ್ಲುವುದಿಲ್ಲ. ಒಂದು ನುಡಿಯ ಬಳಕೆಯೂ ಸದ್ದಿಲ್ಲದೆ ನಿಲ್ಲುತ್ತದೆ. ಆದ್ದರಿಂದ ಹೂ ಬಿಡಿಸುವ, ರಂಗವಲ್ಲಿ ಎಳೆಯುವ, ಘಂಟೆ ಬಾರಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಆ ಹೊತ್ತಿನ ಮಾತೆಲ್ಲ ಕನ್ನಡದಲ್ಲೇ ನಡೆಯುವಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.

ಇದನ್ನು ಆರಂಭಿಸಲು ನವರಾತ್ರಿಗಿಂತ ಶುಭಕಾಲ ಬೇರೊಂದಿಲ್ಲ. ಉತ್ತರ ಕರ್ನಾಟಕದವರು ಮಣ್ಣಿನಲ್ಲಿ ಧಾನ್ಯ ಬಿತ್ತಿ ಘಟ ಸ್ಥಾಪಿಸುತ್ತಾರೆ. ಮೈಸೂರಿನ ಕಡೆಯವರು ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ. ನೆರೆಯ ತೆಲಂಗಾಣದ ಹೆಣ್ಣುಮಕ್ಕಳು ತಟ್ಟೆಯಲ್ಲಿ ಹೂಗಳನ್ನು ಅಡುಕಿ ಬತುಕಮ್ಮನನ್ನು ಕರೆಯುತ್ತಾರೆ. ಒಂದು ಗಡಿಗೆಯ ಮಣ್ಣು, ಎರಡು ಮರದ ಗೊಂಬೆ, ಒಂದು ತಟ್ಟೆ ಹೂವು: ಜಗನ್ಮಾತೆ ಬಂದು ನೆಲಸಲು ಇಷ್ಟೇ ಸ್ಥಳ ಸಾಕು. ಪಾಡ್ಯದಂದು ಹಚ್ಚಿದ ದೀಪವನ್ನು ವಿಜಯದಶಮಿಗೆ ನಿಲ್ಲಿಸದೆ ಏಕಾದಶಿಯಂದೂ ಹಚ್ಚಿದ ಮನೆಯಲ್ಲಿ ಕ್ಷೇತ್ರ ಸಿದ್ಧವಾಯಿತೆಂದೇ ತಿಳಿಯಬೇಕು.