‘ಚರ್ಲ್’: ಒಂದು ಶಬ್ದದ ಏಳುಬೀಳು

ಮನುಷ್ಯರಿಗೆ ಇರುವಂತೆ ಶಬ್ದಗಳಿಗೂ ಹುಟ್ಟು, ಬಾಳು, ಮುಪ್ಪುಗಳುಂಟು. ಕೆಲವು ಶಬ್ದಗಳು ಬಡತನದಲ್ಲಿ ಹುಟ್ಟಿ ಸಿಂಹಾಸನದವರೆಗೂ ಏರುತ್ತವೆ. ಮತ್ತೆ ಕೆಲವು, ಮಾನವಾಗಿ ಬಾಳಿದ್ದು, ಯಾವ ತಪ್ಪನ್ನೂ ಮಾಡದೆ ಬೈಗುಳವಾಗಿ ಸಾಯುತ್ತವೆ. ಈ ಎರಡನೆಯ ಗುಂಪಿಗೆ ಸೇರಿದ ಒಂದು ಇಂಗ್ಲಿಷ್ ಶಬ್ದದ ಚರಿತ್ರೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ಆ ಶಬ್ದ ‘ಚರ್ಲ್’. ಇಂದು ಅದನ್ನು ಯಾರೂ ಮಾತಿನಲ್ಲಿ ಬಳಸುವುದಿಲ್ಲ. ಅದರಿಂದ ಹುಟ್ಟಿದ ‘ಚರ್ಲಿಷ್’ ಎಂಬ ವಿಶೇಷಣ ಮಾತ್ರ, ‘ಒರಟಾದ, ಸೌಜನ್ಯವಿಲ್ಲದ’ ಎಂಬ ಅರ್ಥದಲ್ಲಿ, ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಸಿಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದದ ರೂಪ ‘ಚೆಯೊರ್ಲ್’. ಆಗ ಅದರಲ್ಲಿ ನಿಂದೆಯ ಸೋಂಕೂ ಇರಲಿಲ್ಲ. ಅದಕ್ಕೆ ‘ಪುರುಷ’ ಎಂಬ ಅರ್ಥವಿತ್ತು, ‘ಗಂಡ’ ಎಂಬ ಅರ್ಥವಿತ್ತು. ಎಲ್ಲಕ್ಕಿಂತ ಮಿಗಿಲಾಗಿ ‘ಯಾರಿಗೂ ಗುಲಾಮನಲ್ಲದ ಸಾಮಾನ್ಯ ರೈತ’ ಎಂಬ ಅರ್ಥವಿತ್ತು. ಏಳನೆಯ ಶತಮಾನದ ಆರಂಭದ ಕೆಂಟ್ ರಾಜ್ಯದ ಕಾನೂನಿನಲ್ಲಿಯೇ ಚೆಯೊರ್ಲನ ಹೆಸರಿದೆ. ಅವನ ಆಶ್ರಯದಲ್ಲಿರುವವರಿಗೆ ಕೇಡು ಮಾಡಿದರೆ ಅವನಿಗೆ ಆರು ಷಿಲಿಂಗ್ ದಂಡ ತೆರಬೇಕಿತ್ತು. ಅದೇ ಶತಮಾನದ ಕೊನೆಯಲ್ಲಿ ವೆಸೆಕ್ಸ್ ದೊರೆ ಇನೆ ಮಾಡಿದ ಕಾನೂನು, ಚೆಯೊರ್ಲನ ಹಿತ್ತಿಲಿಗೆ ಚಳಿಗಾಲ ಬೇಸಿಗೆಯೆನ್ನದೆ ಬೇಲಿಯಿರಬೇಕೆಂದು ವಿಧಿಸಿತು. ಬೇಲಿ ಹಾಕದೆ ಬಿಟ್ಟ ಸಂದಿನಿಂದ ನೆರೆಯವನ ದನ ನುಗ್ಗಿದರೆ ಅವನಿಗೆ ಪರಿಹಾರವಿಲ್ಲ. ನಮ್ಮ ಊರಿನ ಪಂಚಾಯಿತಿಕಟ್ಟೆಯಲ್ಲಿ ಕೇಳಿದ ಮಾತಿನಂತೆಯೇ ಇಲ್ಲವೆ ಇದು?

ಅಂತಸ್ತಿನ ಭೇದ ಆಗಲೂ ಇತ್ತೆಂಬುದನ್ನು ಮರೆಯಬಾರದು. ವೆಸೆಕ್ಸಿನಲ್ಲಿ ಒಬ್ಬ ಚೆಯೊರ್ಲನನ್ನು ಕೊಂದರೆ ಅವನ ಬಂಧುಗಳಿಗೆ ಕೊಡಬೇಕಾದ ಪ್ರಾಣದ ಬೆಲೆ 200 ಷಿಲಿಂಗ್. ಉನ್ನತ ಕುಲೀನನದಾದರೆ 1200. ಒಂದಕ್ಕೆ ಆರು. ಆದರೂ ಏರುವ ದಾರಿ ಪೂರ್ತಿ ಮುಚ್ಚಿರಲಿಲ್ಲ. ಹನ್ನೊಂದನೆಯ ಶತಮಾನದ ಆದಿಯ ಒಂದು ಬರಹದ ಪ್ರಕಾರ, ಚೆಯೊರ್ಲನೊಬ್ಬನು ಐದು ‘ಹೈಡ್’ ಸ್ವಂತ ಭೂಮಿಯನ್ನೂ ಗಂಟೆಯ ಮನೆಯನ್ನೂ ಕೋಟೆಬಾಗಿಲನ್ನೂ ಅರಮನೆಯಲ್ಲಿ ಒಂದು ಸ್ಥಾನವನ್ನೂ ಗಳಿಸಿದರೆ, ಅವನು ‘ಥೇನ್’ ಎಂಬ ಕುಲೀನ ಪದವಿಗೆ ಅರ್ಹನಾಗುತ್ತಿದ್ದನು. ಹೈಡ್ ಎಂದರೆ ಒಂದು ಸಂಸಾರದ ಜೀವನಕ್ಕೆ ಸಾಕಾಗುವಷ್ಟು ಭೂಮಿ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಫ್ರೆಂಚ್ ಮಾತನಾಡುವ ಒಡೆಯರು ಬಂದು ಭೂಮಿಯನ್ನು ತಮ್ಮಲ್ಲಿ ಹಂಚಿಕೊಂಡರು. ರೈತರಲ್ಲಿ ಬಹುಮಂದಿ ಕ್ರಮೇಣ ಒಡೆಯನ ಭೂಮಿಗೆ ಕಟ್ಟುಬಿದ್ದ ಜೀತದಂಥ ಸ್ಥಿತಿಗೆ ಇಳಿದರು. ಮನುಷ್ಯನು ಇಳಿದಂತೆ ಅವನ ಹೆಸರೂ ಇಳಿಯಿತು. ‘ಸ್ವತಂತ್ರ ರೈತ’ನಾಗಿದ್ದ ಚರ್ಲ್ ಮೊದಲು ‘ಜೀತದಾಳು’ ಆದನು. ಸುಮಾರು 1300ರ ವೇಳೆಗೆ ‘ಒರಟ, ಕೀಳು ಮನುಷ್ಯ’ ಆದನು. ಕವಿ ಚಾಸರನು ತನ್ನ ಗಿರಣಿಯವನ ಕಥೆಗೆ ಮುನ್ನ, ಇವನು ಚರ್ಲ್, ಇವನ ಕಥೆಯೂ ಅಂಥದೇ ಎಂದು ಸಭ್ಯ ಓದುಗರ ಕ್ಷಮೆ ಬೇಡುತ್ತಾನೆ. ಮುಂದೆ ಶಬ್ದಕ್ಕೆ ‘ಜಿಪುಣ’ ಎಂಬ ಅರ್ಥವೂ ಅಂಟಿತು. ಷೇಕ್ಸ್‌ಪಿಯರನ ನಾಟಕದಲ್ಲಿ ಜೂಲಿಯೆಟ್ ತನಗಾಗಿ ಒಂದು ಹನಿ ವಿಷವನ್ನೂ ಉಳಿಸದೆ ಕುಡಿದ ರೋಮಿಯೋನನ್ನು ಈ ಅರ್ಥದಲ್ಲಿಯೇ ಚರ್ಲ್ ಎನ್ನುತ್ತಾಳೆ. 1611ರ ಇಂಗ್ಲಿಷ್ ಬೈಬಲಿನ ಯೆಶಾಯನ ಗ್ರಂಥದಲ್ಲಿ ಅದು ಉದಾರಿಗೆ ವಿರುದ್ಧವಾದ ಪದ. ನೆಲವನ್ನು ಉತ್ತು ಊರಿಗೆ ಅನ್ನ ಕೊಟ್ಟವನ ಹೆಸರು ಕೊನೆಗೆ ಕೈಬಿಗಿಯ ಹೆಸರಾಯಿತು!

ಈ ಗತಿ ಚರ್ಲ್ ಒಂದಕ್ಕೇ ಬಂದುದಲ್ಲ. ‘ವಿಲನ್’ ಎಂದರೆ ಇಂದು ಖಳನಾಯಕ. ಮೂಲದಲ್ಲಿ ‘ವಿಲ್ಲಾ’ ಎಂಬ ಜಮೀನಿನಲ್ಲಿ ದುಡಿಯುವವನು. ‘ಬೂರ್’ ಎಂದರೆ ಅಸಭ್ಯ, ಮೂಲದಲ್ಲಿ ಬೇಸಾಯಗಾರ. ದಕ್ಷಿಣ ಆಫ್ರಿಕದ ‘ಬೋಯರ್’ ಜನರ ಹೆಸರು ಇದೇ ಶಬ್ದ. ಇದಕ್ಕೆ ಎದುರಾಗಿ ‘ನೈಟ್’ ಶಬ್ದವನ್ನು ನೋಡಿ. ಅದರ ಮೂಲಾರ್ಥ ‘ಹುಡುಗ, ಸೇವಕ’. ಒಡೆಯನ ಪಕ್ಕದಲ್ಲಿ ಆಯುಧ ಹಿಡಿದು ನಿಂತ ಸೇವಕನು ‘ಸರ್’ ಎನಿಸಿಕೊಂಡನು. ನೇಗಿಲು ಹಿಡಿದು ಹೊಲದಲ್ಲಿ ಉಳಿದವನು ಬೈಗುಳವಾದನು. ಇನ್ನೂ ವಿಚಿತ್ರವೆಂದರೆ, ಚರ್ಲ್ ಶಬ್ದಕ್ಕೆ ಅದೇ ಮೂಲದ ಒಬ್ಬ ಸೋದರನಿದ್ದಾನೆ. ಅವನೇ ‘ಕಾರ್ಲ್’, ಇಂಗ್ಲಿಷಿನಲ್ಲಿ ‘ಚಾರ್ಲ್ಸ್’. ಕ್ರಿ.ಶ. 800ರಲ್ಲಿ ರೋಮಿನಲ್ಲಿ ಚಕ್ರವರ್ತಿಯಾಗಿ ಕಿರೀಟ ಧರಿಸಿದ ಷಾರ್ಲಮೇನ್ ಈ ಹೆಸರಿನವನು. ಪೋಲಿಷ್, ರಷ್ಯನ್, ಚೆಕ್ ಮೊದಲಾದ ಸ್ಲಾವ್ ಭಾಷೆಗಳಲ್ಲಿ ‘ರಾಜ’ ಎಂಬುದಕ್ಕಿರುವ ಶಬ್ದವೇ ಅವನ ಹೆಸರಿನಿಂದ ಬಂದುದು. ಒಂದೇ ಬೇರಿನ ಎರಡು ಕೊಂಬೆ: ಒಂದು ಸಿಂಹಾಸನಕ್ಕೆ, ಒಂದು ತಿಪ್ಪೆಗೆ. ಆದುದರಿಂದ ದೋಷ ಶಬ್ದದಲ್ಲಿಲ್ಲ, ಅದನ್ನು ಹೊತ್ತವರ ಪಾಡಿನಲ್ಲಿದೆ ಎಂಬುದು ಸ್ಪಷ್ಟ.

ವಿದ್ವಾಂಸ ಸಿ. ಎಸ್. ಲೂಯಿಸ್ 1960ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ‘ಅಂತಸ್ತಿನ ಶಬ್ದಗಳು ನೀತಿಯ ಶಬ್ದಗಳಾಗುವುದು’ ಎಂದು ಗುರುತಿಸಿದ್ದಾರೆ. ಮೇಲಿನವರ ಹೆಸರು ಸದ್ಗುಣವಾಗುತ್ತದೆ, ಕೆಳಗಿನವರ ಹೆಸರು ದುರ್ಗುಣವಾಗುತ್ತದೆ. ನಮ್ಮಲ್ಲಿಯೂ ಇದು ನಡೆದಿದೆ. ನಗರದವನು ‘ನಾಗರಿಕ’, ಅಂದರೆ ಸಭ್ಯ. ಗ್ರಾಮಕ್ಕೆ ಸೇರಿದ್ದು ‘ಗ್ರಾಮ್ಯ’. ಅಲಂಕಾರಶಾಸ್ತ್ರದಲ್ಲಿ ಅದೊಂದು ದೋಷ. ‘ಗಮಾರ’ ಹಿಂದಿಯ ‘ಗಂವಾರ್’ ಶಬ್ದದ ಬಂಧು. ಅದರ ಬೇರೂ ಗ್ರಾಮವೇ. ‘ಹಳ್ಳಿ ಗಮಾರ’ ಎಂದರೆ, ಬಿಡಿಸಿ ನೋಡಿದರೆ, ‘ಹಳ್ಳಿಯ ಹಳ್ಳಿಯವನು’ ಎಂದಷ್ಟೇ!

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನನ್ನು ಸೇರಿಸಲು ಬಂದ ದಿನ ನಮ್ಮ ತಂದೆಯವರು ಅರ್ಜಿಯನ್ನು ಮುಂದೆ ಚಾಚಿ, “ನಾವು ಹಳ್ಳಿ ಗಮಾರರು ಸ್ವಾಮಿ, ತಾವೇ ಒಂದಿಷ್ಟು ನೋಡಿ ಹೇಳಬೇಕು” ಎಂದರು. ಯಾರೂ ಅವರನ್ನು ಬೈದಿರಲಿಲ್ಲ, ತಾವಾಗಿಯೇ ಹಾಗೆಂದರು. ಯಾವ ಮಳೆಗೆ ಯಾವ ಬೀಜ ಬಿತ್ತಬೇಕು, ಮಣ್ಣು ಯಾವಾಗ ಹದಕ್ಕೆ ಬಂದಿದೆ ಎಂಬುದನ್ನು ಒಂದು ಹಿಡಿ ಮಣ್ಣು ಹಿಚುಕಿಯೇ ಹೇಳಬಲ್ಲವರು ಅವರು. ಶಬ್ದದ ನಿಜವಾದ ಹಾನಿ ಇಲ್ಲಿದೆ. ಅನ್ಯರು ಅಂದ ಮಾತಿಗೆ ಉತ್ತರ ಕೊಡಬಹುದು. ಅದನ್ನು ನಾವೇ ನಮ್ಮ ಹೆಸರೆಂದು ಒಪ್ಪಿಕೊಂಡ ಮೇಲೆ ಉತ್ತರ ಕೊಡುವವರು ಯಾರು?

ಆದರೆ ಎಲ್ಲ ಶಬ್ದಗಳೂ ಸೋತಿಲ್ಲ. ಅದೇ ಚಾಸರನು ಇನ್ನೊಂದು ಕಥೆಯಲ್ಲಿ ಒಬ್ಬ ಮುದುಕಿಯ ಬಾಯಿಂದ, ಚರ್ಲ್ ಆಗುವುದು ಹುಟ್ಟಿನಿಂದಲ್ಲ, ಕೆಟ್ಟ ನಡತೆಯಿಂದ ಎಂಬ ವಾದವನ್ನು ಹೂಡಿಸಿದ್ದಾನೆ. ಇಂಗ್ಲಿಷಿನ ‘ಹಸ್ಬೆಂಡ್’ ಮನೆಯ ಯಜಮಾನನೂ ಹೌದು, ‘ಹಸ್ಬೆಂಡ್ರಿ’ ಎಂಬಲ್ಲಿ ಬೇಸಾಯವೂ ಹೌದು. ಅದರ ಮಾನ ಕೆಡಲಿಲ್ಲ. ನಮ್ಮ ‘ಒಕ್ಕಲು’ ಶಬ್ದವೂ ಹಾಗೆಯೇ. ಅದು ಸಂಸಾರ, ಅದು ಬೇಸಾಯ. ದೇವರಿಗೆ ನಡೆದುಕೊಳ್ಳುವ ಮನೆತನಗಳೂ ಆ ದೇವರ ಒಕ್ಕಲೇ.

ಶಬ್ದಕೋಶವನ್ನು ಬರೆಯುವವರು ಯಾರು ಎಂಬುದರ ಮೇಲೆ ಶಬ್ದದ ಭವಿಷ್ಯ ನಿಂತಿದೆ. ಚೆಯೊರ್ಲನ ಮಾತನ್ನು ಅವನ ಕೈಯಿಂದಲೇ ಬರೆದಿಟ್ಟ ಗ್ರಂಥ ನಮಗೆ ದೊರೆಯದು. ಅವನ ವಿಷಯವನ್ನು ಬರೆದವರು ಬೇರೆಯವರು. ಇಂದು ಒಕ್ಕಲ ಮನೆಗಳ ಮಕ್ಕಳು ಲೇಖನಿ ಹಿಡಿದಿದ್ದಾರೆ. ಅವರು ಹೊಸ ಶಬ್ದಗಳನ್ನು ಟಂಕಿಸದಿದ್ದರೂ ಚಿಂತೆಯಿಲ್ಲ. ತಮ್ಮ ಹಿರಿಯರ ಹೆಸರನ್ನು ಬೈಗುಳವಾಗಿ ಬಳಸದಿದ್ದರೆ ಅಷ್ಟೇ ದೊಡ್ಡ ಕೆಲಸ.