ಪಾಠ 7: ಯಾವ ಕೆಲಸಕ್ಕೆ ಯಾವ ಬಾಗಿಲು?

ಬೀದಿ ನಲ್ಲಿಯಲ್ಲಿ ಮೂರು ದಿನದಿಂದ ನೀರಿಲ್ಲ. ಕೊಡ ಹೊತ್ತು ದೂರ ಹೋಗೋರು ಯಾರು? ನಾವೇ. ಬೀದಿ ದೀಪ ಕೆಟ್ಟಿದೆ. ಕತ್ತಲಲ್ಲಿ ನಡೆಯೋರು ಯಾರು? ನಾವೇ. ಹಾಗಾದ್ರೆ ಕೇಳಬೇಕಾದೋರು ಯಾರು? ಅದೂ ನಾವೇ.

ಕೇಳೋದು ಯಾರನ್ನ? ಸರ್ಕಾರ ಅಂದರೆ ದೆಹಲಿ, ಬೆಂಗಳೂರು ಮಾತ್ರ ಅಲ್ಲ. ನಮ್ಮ ಊರಿಗೂ ಒಂದು ಸರ್ಕಾರ ಇದೆ. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಅದೇ ವರ್ಷ ಕರ್ನಾಟಕದಲ್ಲಿ ಪಂಚಾಯತ್ ರಾಜ್ ಕಾಯ್ದೆ ಬಂತು. ಇದರಲ್ಲಿ ಮೂರು ಮೆಟ್ಟಿಲು ಇವೆ.

ಮೂರು ಮೆಟ್ಟಿಲು

ಒಂದು, ಗ್ರಾಮ ಪಂಚಾಯಿತಿ. ಕೆಲವು ಹಳ್ಳಿ ಸೇರಿ ಒಂದು ಪಂಚಾಯಿತಿ. ಸುಮಾರು 400 ಜನಕ್ಕೆ ಒಬ್ಬ ಸದಸ್ಯರು. ಅವರನ್ನು ಆರಿಸೋದು ನಾವು. ಸದಸ್ಯರು ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರಾಗಿ ಆರಿಸುತ್ತಾರೆ. ಕಚೇರಿ ಕೆಲಸ ನೋಡುವ ಅಧಿಕಾರಿ ಪಿಡಿಒ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಊರೊಳಗಿನ ರಸ್ತೆ ಇಲ್ಲಿಯ ಕೆಲಸ. ನಾವು ಕಟ್ಟುವ ಮನೆ ಕಂದಾಯವೂ ಇಲ್ಲಿಗೇ ಬರುತ್ತೆ.

ಎರಡು, ತಾಲ್ಲೂಕು ಪಂಚಾಯಿತಿ. ಗ್ರಾಮ ಪಂಚಾಯಿತಿಗಳ ಕೆಲಸವನ್ನು ಇದು ನೋಡಿಕೊಳ್ಳುತ್ತೆ.

ಮೂರು, ಜಿಲ್ಲಾ ಪಂಚಾಯಿತಿ. ಇಡೀ ಜಿಲ್ಲೆಯ ಹಳ್ಳಿಗಳ ಯೋಜನೆ ಇಲ್ಲಿ ತಯಾರಾಗುತ್ತೆ. ಶಾಲೆ, ಆರೋಗ್ಯ ಕೇಂದ್ರದ ವಿಚಾರಗಳೂ ಇಲ್ಲಿಗೆ ಬರುತ್ತವೆ.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಸದಸ್ಯರ ಅವಧಿ ಮುಗಿಯಿತು. ಆಮೇಲಿನ ಚುನಾವಣೆ ವರ್ಷಗಟ್ಟಲೆ ತಡವಾಯಿತು. ನಾವು ಆರಿಸಿದವರಿಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು.

ಪೇಟೆಗೆ ಬೇರೆ ವ್ಯವಸ್ಥೆ ಇದೆ. ಊರು ದೊಡ್ಡದಾದಂತೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಅಂತಾರೆ.

ಒಂದು ಎಚ್ಚರ. ತಾಲ್ಲೂಕು ಪಂಚಾಯಿತಿ ಬೇರೆ, ತಾಲ್ಲೂಕು ಕಚೇರಿ ಬೇರೆ. ಪಹಣಿ, ಜಾತಿ ಪತ್ರ, ಆದಾಯ ಪತ್ರ ತಹಶೀಲ್ದಾರರ ಕೆಲಸ. ಬಾಗಿಲು ತಪ್ಪಿದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತೆ.

ನಮ್ಮ ಸಭೆ

ಗ್ರಾಮ ಸಭೆ ಅಂದರೆ ಬರೀ ಸದಸ್ಯರ ಸಭೆ ಅಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಇರುವ ಎಲ್ಲರ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ಇದು ನಡೆಯಬೇಕು. ಸರ್ಕಾರದ ಮನೆ ಯಾರಿಗೆ ಸಿಗಬೇಕು ಅನ್ನೋದನ್ನು ಇಲ್ಲಿ ಆರಿಸಬೇಕು. ಖರ್ಚಿನ ಲೆಕ್ಕ ಇಲ್ಲಿ ಓದಬೇಕು.

ಆದರೆ ಕೆಲವು ಕಡೆ ಏನಾಗುತ್ತೆ? ಸಭೆ ನಡೆಯೋದಿಲ್ಲ. ನಡಾವಳಿ ಪುಸ್ತಕ ಮಾತ್ರ ಮನೆ ಮನೆಗೆ ಬರುತ್ತೆ. "ಇಲ್ಲೊಂದು ಸಹಿ ಹಾಕಮ್ಮ" ಅಂತಾರೆ. ನಾವು ಹಾಕಿಬಿಡ್ತೀವಿ. ಸಭೆ ನಡೆಯಿತು, ನಾವೂ ಒಪ್ಪಿದೆವು ಅಂತ ಅದರಲ್ಲಿ ಬರೆದಿರುತ್ತೆ. ಸೂರಿಲ್ಲದ ವಿಧವೆಯ ಹೆಸರು ಪಟ್ಟಿಯಿಂದ ಬಿಟ್ಟುಹೋಗಿರುತ್ತೆ. ಕೇಳಲು ಹೋದರೆ, "ನೀವೇ ಸಹಿ ಹಾಕಿದ್ದೀರಲ್ಲ!" ಅಂತಾರೆ.

ಹೆಬ್ಬೆಟ್ಟು ಒತ್ತುವಾಗ ನಮಗೆ ಓದಲು ಬರುತ್ತಿರಲಿಲ್ಲ. ಈಗ ಬರುತ್ತೆ. ಓದಿ ಸಹಿ ಹಾಕೋಣ. ಓದಲು ಬಿಡದಿದ್ದರೆ ಸಹಿ ಹಾಕೋದು ಬೇಡ.

ಕುರ್ಚಿ ಯಾರದು?

ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ನಾಲ್ಕರಲ್ಲಿ ಒಂದು ಪಾಲು ಸ್ಥಾನ ಇತ್ತು. 1993ರ ಕಾಯ್ದೆಯಲ್ಲಿ ಮೂರರಲ್ಲಿ ಒಂದು ಪಾಲು ಆಯಿತು. 2010ರಿಂದ ಅರ್ಧದಷ್ಟು ಸ್ಥಾನ ನಮ್ಮದು. ಆದರೂ ಕೆಲವು ಕಡೆ ಗೆದ್ದವಳು ಹೆಂಡತಿ, ಸಭೆಯಲ್ಲಿ ಕೂರೋನು ಗಂಡ. ಕಾಯ್ದೆಯಲ್ಲಿ ಗಂಡನಿಗೆ ಕುರ್ಚಿ ಇಲ್ಲ. ಗೆದ್ದ ಅಕ್ಕ ಒಬ್ಬಳೇ ಹೋಗಲು ಅಂಜಿದರೆ ನಾವು ನಾಲ್ಕು ಜನ ಜೊತೆಗೆ ಹೋಗೋಣ. ಒಳಗೆ ಅವಳು ಮಾತಾಡಲಿ. ಹೊರಗೆ ನಾವು ಇದ್ದೀವಿ ಅನ್ನೋ ಧೈರ್ಯ ಅವಳಿಗಿರಲಿ.

ಓದೋಣ, ಬರೆಯೋಣ

ಅಧ್ಯಕ್ಷರಿಗೆ,
ನಮ್ಮ ಬೀದಿ ನಲ್ಲಿಯಲ್ಲಿ ಮೂರು ದಿನದಿಂದ ನೀರು ಬಂದಿಲ್ಲ. ದಯವಿಟ್ಟು ಸರಿ ಮಾಡಿಸಿ.
ಇಂತಿ, ಬೀದಿಯ ಮಹಿಳೆಯರು.

ಇದನ್ನು ಎರಡು ಪ್ರತಿ ಬರೆಯೋಣ. ತಾರೀಕು ಹಾಕಿ, ಎಲ್ಲರೂ ಸಹಿ ಮಾಡೋಣ. ಒಂದನ್ನು ಪಂಚಾಯಿತಿಗೆ ಕೊಡೋಣ. ಇನ್ನೊಂದರ ಮೇಲೆ ಕಚೇರಿ ಮೊಹರು ಹಾಕಿಸಿ ನಾವೇ ಇಟ್ಟುಕೊಳ್ಳೋಣ.

ಉತ್ತರ ಹೇಳೋಣ

1. ಬೀದಿ ದೀಪ ಕೆಟ್ಟರೆ ಯಾವ ಕಚೇರಿಗೆ ಹೋಗಬೇಕು?
2. ಪಹಣಿ ಬೇಕಾದರೆ ಎಲ್ಲಿಗೆ ಹೋಗಬೇಕು?
3. ನಮ್ಮ ಊರಲ್ಲಿ ಹಿಂದಿನ ಗ್ರಾಮ ಸಭೆ ಯಾವಾಗ ನಡೆಯಿತು? ನಮ್ಮಲ್ಲಿ ಎಷ್ಟು ಜನ ಹೋಗಿದ್ದೆವು?